ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ವಿಂಡೋಸ್ 10ರ ಕಾಲ ಮುಗಿಯಿತು, ಮನೆಯಲ್ಲಿರುವ ಹಳೆ ಕಂಪ್ಯೂಟರ್ ಇನ್ನು ಕೆಲಸಕ್ಕೆ ಬರಲ್ಲ, ಹೊಸದು ತಗೊಳ್ಳಿ ಎಂಬ ಮಾತು ನಮ್ಮ ಊರಲ್ಲಿ ಇನ್ನೂ ಓಡಾಡುತ್ತಿದೆ. ಅಂಗಡಿಗಳಲ್ಲಿ ಹೇಳುತ್ತಾರೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುತ್ತಾರೆ. ಇದರಲ್ಲಿ ಸ್ವಲ್ಪ ನಿಜ ಇದೆ, ಹೆದರಿಕೆಯೇ ಜಾಸ್ತಿ. ಎರಡನ್ನೂ ಬಿಡಿಸಿ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡುವವಳು. ವಿಶ್ವವಿದ್ಯಾಲಯದ ಊರು, ಹಾಗಾಗಿ ಪಿಎಚ್‌ಡಿ ಪ್ರಬಂಧಗಳು ಬರುತ್ತವೆ. ಜೊತೆಗೆ ಕವನ ಸಂಕಲನ, ಸಂಘದ ವಾರ್ಷಿಕ ವರದಿ, ಲಗ್ನಪತ್ರಿಕೆ. ಕಂಪ್ಯೂಟರ್ ಕೆಟ್ಟರೆ ನನ್ನ ಅವತ್ತಿನ ಸಂಪಾದನೆ ನಿಂತುಹೋಗುತ್ತದೆ. ಅದಕ್ಕೇ ಅದರ ರಿಪೇರಿ, ಆಪರೇಟಿಂಗ್ ಸಿಸ್ಟಂ (ವಿಂಡೋಸ್ ಥರ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಹಾಕುವುದು ಎಲ್ಲಾ ಕಲಿತುಕೊಂಡೆ. ಈಗ ನಮ್ಮ ಓಣಿಯವರ ಕಂಪ್ಯೂಟರ್‌ಗಳೂ ನನ್ನ ಮೇಜಿಗೆ ಬರುತ್ತವೆ.

ಇತ್ತೀಚೆಗೆ ಹಿಂದಿನ ಬೀದಿಯ ನಿವೃತ್ತ ಮಾಸ್ತರರು ಬಂದಿದ್ದರು. "ನೋಡವಾ ತಂಗಿ, ನಮ್ಮ ಕಂಪ್ಯೂಟರ್ ಇನ್ನ ಮ್ಯಾಲೆ ನಡಿಯಂಗಿಲ್ಲಂತ. ಹೊಸಾದು ತಗೋರಿ ಅಂತ ಅಂಗಡಿಯಂವ ಅಂದಾನ" ಅಂದರು. "ಸರ್, ಇವತ್ತ ಮುಂಜಾನೆ ಹಚ್ಚಿದ್ರಲ್ರೀ? ನಡೀತಲ್ರೀ?" ಅಂತ ಕೇಳಿದೆ. "ನಡೀತು" ಅಂದರು. ಅವರು ತಮ್ಮ ಹಳ್ಳಿಯ ಇತಿಹಾಸ ಬರೆಯುತ್ತಿದ್ದಾರೆ. ದಿನಾ ಎರಡು ಪುಟ ಟೈಪ್ ಮಾಡುತ್ತಾರೆ, ಸಂಜೆ ಮಗಳ ಜೊತೆ ವಿಡಿಯೊದಲ್ಲಿ ಮಾತಾಡುತ್ತಾರೆ. ಇಷ್ಟು ಕೆಲಸಕ್ಕೆ ಪೆನ್ಷನ್ ದುಡ್ಡು ಸುರಿದು ಹೊಸ ಯಂತ್ರ ಯಾಕೆ ಬೇಕು ಹೇಳಿ.

ನಡೆದದ್ದು ಇಷ್ಟು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಬೆಂಬಲ ಅಂದರೆ ಮುಖ್ಯವಾಗಿ ಪ್ರತಿ ತಿಂಗಳು ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್. ಕಂಪ್ಯೂಟರ್ ಆನ್ ಆಗುತ್ತದೆ, ಫೈಲ್‌ಗಳು ತೆರೆಯುತ್ತವೆ, ಪ್ರಿಂಟ್ ಬರುತ್ತದೆ. ಯಾವುದೂ ತಾನಾಗೇ ನಿಲ್ಲುವುದಿಲ್ಲ.

ಹಾಗಂತ ಸುಮ್ನೆ ಕೂತರೂ ಆಗಲ್ಲ. ವಿಂಡೋಸ್ 10 ಮತ್ತು 11ರ ಒಳಗಿನ ಎಷ್ಟೋ ಭಾಗ ಒಂದೇ. 11ರಲ್ಲಿ ಒಂದು ದೋಷ ಸಿಕ್ಕಿ ಅದನ್ನು ಸರಿಪಡಿಸಿದರೆ, ಆ ತಿದ್ದುಪಡಿಯನ್ನೇ ನೋಡಿ ದೋಷ ಎಲ್ಲಿತ್ತು ಅಂತ ಕಳ್ಳರು ಪತ್ತೆ ಮಾಡುತ್ತಾರೆ. ಅದೇ ದೋಷ 10ರಲ್ಲಿ ಹಾಗೇ ಉಳಿದಿರುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಹಾವಳಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬ್ಯಾಂಕಿನ ವ್ಯವಹಾರ ಮಾಡುವ ಮನೆ ಕಂಪ್ಯೂಟರ್‌ಗೆ ಈ ಅಪ್‌ಡೇಟ್ ಬೇಕೇ ಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ನಿಜವಾಗಿ ಅನರ್ಹವೇ ಅಂತ ನೋಡಿ. ಅಂಗಡಿಯ ಮಾತನ್ನು ಹಾಗೇ ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಅಬೌಟ್ ಒತ್ತಿದರೆ ಪ್ರೊಸೆಸರ್ ಹೆಸರು ಕಾಣುತ್ತದೆ. ಇಂಟೆಲ್ ಐ5-7200 ಅಂತಿದ್ದರೆ ಏಳನೇ ತಲೆಮಾರು, ಐ5-8250 ಅಂತಿದ್ದರೆ ಎಂಟನೆಯದು. ಇಂಟೆಲ್ ಆದರೆ ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೂಡ ಇರಬೇಕು.

ಈ ಟಿಪಿಎಂ ವಿಷಯದಲ್ಲೇ ತುಂಬಾ ಜನ ಮೋಸ ಹೋಗುತ್ತಿದ್ದಾರೆ. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಅದು ಇರುತ್ತದೆ, ಆದರೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟದಲ್ಲಿ) ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಒಳಗೆ ಹೋಗಿ ಆನ್ ಮಾಡಿದರೆ, "ನಿಮ್ಮ ಪಿಸಿ ಅರ್ಹವಲ್ಲ" ಎಂಬ ಸೂಚನೆ ಎಷ್ಟೋ ಸಲ ಮಾಯವಾಗುತ್ತದೆ. ಹೀಗೆ ಒಂದು ಸ್ವಿಚ್ ಆಫ್ ಇದ್ದದ್ದಕ್ಕೇ ಹೊಸ ಕಂಪ್ಯೂಟರ್ ಕೊಂಡ ಮನೆ ನಮ್ಮ ಓಣಿಯಲ್ಲೇ ಇದೆ. ಹಳೆಯದು ಈಗ ನನ್ನ ಮೇಜಿನ ಮೇಲೆ ವಿಂಡೋಸ್ 11ರಲ್ಲಿ ಚೆನ್ನಾಗಿ ಓಡುತ್ತಿದೆ. ಅಸಲಿ ವಿಂಡೋಸ್ 10 ಇದ್ದು ಯಂತ್ರ ಅರ್ಹವಾಗಿದ್ದರೆ 11 ಉಚಿತ. ಲೈಸೆನ್ಸ್‌ಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಯಾಕೆ ಅಂತ ಕೇಳಿ. ಕೂಲಿ ಕೇಳಲಿ, ಅದು ನ್ಯಾಯ.

ಯಂತ್ರ ಅರ್ಹವಲ್ಲ ಅಂತಾದರೂ ಅವಸರ ಪಡಬೇಡಿ. ಮನೆ ಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಮಾತ್ರ ಮುಂದುವರಿಸುವ ಏರ್ಪಾಡನ್ನು ಮೈಕ್ರೋಸಾಫ್ಟೇ ಮಾಡಿದೆ. ಅದಕ್ಕೆ 30 ಡಾಲರ್ ಅಥವಾ ಅದರ ಸಮಾನ ಹಣ ಕಟ್ಟಬಹುದು. ಇಲ್ಲದಿದ್ದರೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ, ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡದೇ ಸಿಗುತ್ತದೆ. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಬರುತ್ತದೆ. ಮಾಸ್ತರರಿಗೆ ಇದರ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಈ ಮಾಹಿತಿ ಇಂಗ್ಲಿಷ್‌ನಲ್ಲಿ ಬೇಕಾದಷ್ಟಿದೆ. ಕನ್ನಡ ಮಾತ್ರ ಓದುವವರಿಗೆ ಅಂಗಡಿಯವನು ಹೇಳಿದ್ದೇ ಕೊನೆ ಮಾತಾಗುತ್ತದೆ. ನನಗೆ ಸಿಟ್ಟು ಬರೋದು ಇಲ್ಲೇ.

ಇದು ಹೆಚ್ಚೆಂದರೆ ಸ್ವಲ್ಪ ಕಾಲಾವಕಾಶ. ಆಮೇಲೆ? ನಾನು ನನ್ನ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆ. ನನ್ನದು ಆರನೇ ತಲೆಮಾರಿನ ಐ3. ಬಯಾಸ್‌ನಲ್ಲಿ ಏನೇ ಮಾಡಿದರೂ ಅದು 11ರ ಪಟ್ಟಿಗೆ ಸೇರಲ್ಲ. ಹಳೆ ಹಾರ್ಡ್‌ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿದೆ. ಮೊದಲು ಸ್ವಿಚ್ ಹಾಕಿ ಚಹಾ ಮಾಡಿಕೊಂಡು ಬರುವಷ್ಟು ಹೊತ್ತು ಬೇಕಿತ್ತು. ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ತಯಾರಿರುತ್ತದೆ. ನಿಜ ಹೇಳಬೇಕೆಂದರೆ ಹಳೆ ಯಂತ್ರ ನಿಧಾನ ಆಗೋದಕ್ಕೆ ಎಷ್ಟೋ ಸಲ ಆ ತಿರುಗುವ ಡಿಸ್ಕೇ ಕಾರಣ.

ಲಿನಕ್ಸ್ ಅಂದರೆ ಕಪ್ಪು ಪರದೆ, ಬರೀ ಕಮಾಂಡ್ ಅಂತ ಇನ್ನೂ ಹೆದರುವವರಿದ್ದಾರೆ. ಮಿಂಟ್ ಹಾಗಿಲ್ಲ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಫೋಲ್ಡರ್‌ಗಳು ಎಲ್ಲಾ ವಿಂಡೋಸ್ ಥರಾನೇ. ಉಚಿತ. ಅದರ 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ ರ್‍ಯಾಮ್ ಇದ್ದರೂ ಏಳುತ್ತದೆ, ಆರಾಮಾಗಿ ಕೆಲಸ ಮಾಡಲು 4 ಬೇಕು. ಹಗುರವಾದದ್ದು ಬೇಕಾದರೆ ಎಕ್ಸ್‌ಎಫ್‌ಸಿಇ ಅನ್ನುವ ಆವೃತ್ತಿ ಇಳಿಸಿಕೊಳ್ಳಿ.

ಹಾಕುವ ಕ್ರಮ ಕಷ್ಟದ್ದಲ್ಲ. ಮಿಂಟ್‌ನ ಸ್ವಂತ ತಾಣದಿಂದಲೇ ಫೈಲ್ ಇಳಿಸಿಕೊಳ್ಳಬೇಕು, ಹತ್ತಿರ ಹತ್ತಿರ 3 ಜಿಬಿ ಇರುತ್ತದೆ. ಅದನ್ನು 8 ಜಿಬಿ ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದರೆ ಆಗಲ್ಲ. ರೂಫಸ್ ಅಥವಾ ಎಚರ್ ಅನ್ನುವ ಉಚಿತ ತಂತ್ರಾಂಶದಿಂದ ಬರೆಯಬೇಕು. ಆ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ ಅನ್ನೋದು ನೆನಪಿರಲಿ. ಆಮೇಲೆ ಕಂಪ್ಯೂಟರ್ ಆನ್ ಮಾಡುವಾಗ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಯಾವುದರಿಂದ ಶುರು ಮಾಡಲಿ ಅಂತ ಕೇಳುತ್ತದೆ. ಪೆನ್‌ಡ್ರೈವ್ ಆರಿಸಿ.

ಮಿಂಟ್ ಪೆನ್‌ಡ್ರೈವ್‌ನಿಂದಲೇ ಪೂರ್ತಿ ತೆರೆದುಕೊಳ್ಳುತ್ತದೆ. ನಿಮ್ಮ ಡಿಸ್ಕ್ ಹಾಗೇ ಇರುತ್ತದೆ. ಹಾಗಾಗಿ ಹಾಕುವ ಮುಂಚೆಯೇ ಪರೀಕ್ಷೆ ಮಾಡಿ ನೋಡಬಹುದು. ವೈಫೈ ಸಿಗುತ್ತಾ? ಧ್ವನಿ ಬರುತ್ತಾ? ಕ್ಯಾಮೆರಾ? ಪ್ರಿಂಟರ್ ಪತ್ತೆಯಾಗುತ್ತಾ? ಒಂದು ಸಂಜೆ ಇದರಲ್ಲೇ ಓಡಾಡಿ. ಯಾವುದಾದರೂ ಕೈಕೊಟ್ಟರೆ ಪೆನ್‌ಡ್ರೈವ್ ತೆಗೆದು ರಿಸ್ಟಾರ್ಟ್ ಮಾಡಿ, ನಿಮ್ಮ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಡಿಸ್ಕ್‌ಗೆ ಹಾಕದೆಯೇ ಹೀಗೆ ಮಾಡಿ ನೋಡಬಹುದು ಅನ್ನೋದು ಜನರಿಗೆ ಗೊತ್ತೇ ಇಲ್ಲ.

ಇನ್ನು ಡಿ ಡ್ರೈವ್ ವಿಷಯ. ಇದನ್ನು ದಯವಿಟ್ಟು ಪೂರ್ತಿ ಓದಿ. ನಮ್ಮಲ್ಲಿ ಒಂದೇ ಡಿಸ್ಕನ್ನು ಸಿ, ಡಿ ಅಂತ ಭಾಗ ಮಾಡಿ ಕೊಡುವ ರೂಢಿ ಇದೆ. ವಿಂಡೋಸ್ ಹೊಸದಾಗಿ ಹಾಕಿದಾಗ ಸಿ ಮಾತ್ರ ಫಾರ್ಮ್ಯಾಟ್ ಮಾಡುತ್ತಿದ್ದರು, ಡಿ ಉಳಿಯುತ್ತಿತ್ತು. ಅದೇ ನಂಬಿಕೆ ಮನೆಮನೆಯಲ್ಲೂ ಕೂತುಬಿಟ್ಟಿದೆ. "ಮೇಡಂ, ಫೋಟೊ ಎಲ್ಲಾ ಡಿ ಡ್ರೈವ್‌ನಾಗ ಅದಾವ್ರಿ, ಏನೂ ಆಗಂಗಿಲ್ಲ" ಅನ್ನುತ್ತಾರೆ. ಆದರೆ ಮಿಂಟ್ ಹಾಕುವಾಗ "ಡಿಸ್ಕ್ ಅಳಿಸಿ ಹಾಕು" ಎಂಬ ಆಯ್ಕೆ ಒತ್ತಿದರೆ ಇಡೀ ಡಿಸ್ಕ್ ಹೋಗುತ್ತದೆ, ಡಿ ಕೂಡ. ವಿಂಡೋಸ್ 11 ಹೊಸದಾಗಿ ಹಾಕುವಾಗಲೂ ಭಾಗಗಳನ್ನೆಲ್ಲಾ ಡಿಲೀಟ್ ಮಾಡಿದರೆ ಅದೇ ಗತಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ತೀರಿಹೋದ ತಂದೆಯ ಫೋಟೊಗಳು ಹೀಗೇ ಹೋದವು. ಫಾರ್ಮ್ಯಾಟ್ ಮಾಡಿದ ಅಂಗಡಿಯವರು ಮೊದಲು ಒಂದು ಮಾತೂ ಕೇಳಿರಲಿಲ್ಲ. ಆ ತಾಯಿ ನನ್ನ ಮುಂದೆ ಕೂತು "ಒಂದರ ತೆಗಿಲಿಕ್ಕೆ ಬರ್ತೈತೇನು ನೋಡವಾ" ಅಂದದ್ದನ್ನು ನಾನು ಮರೆಯಲಾರೆ.

ಅದಕ್ಕೆ ಮೊದಲು ಬ್ಯಾಕಪ್, ಆಮೇಲೆ ಬೇರೆ ಮಾತು. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಅದನ್ನು ಇನ್ನೊಂದು ಕಂಪ್ಯೂಟರ್‌ಗೆ ಹಚ್ಚಿ ನಾಲ್ಕು ಫೈಲ್ ತೆರೆದು ನೋಡಿ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು, ಡೌನ್‌ಲೋಡ್ಸ್ ಒಳಗೆ ಬಿದ್ದಿರುವುದು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಇವನ್ನು ಜನ ಮರೆಯುತ್ತಾರೆ. ಕನ್ನಡದವರಾದರೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಫಾಂಟ್‌ಗಳನ್ನೂ ಎತ್ತಿಟ್ಟುಕೊಳ್ಳಿ. ಹಾಕುವಾಗ ಕರೆಂಟ್ ಹೋಗದ ಹಾಗೆ ಯುಪಿಎಸ್ ಇರಲಿ. ಮಳೆಗಾಲದ ಸಂಜೆ ನಾನು ಈ ಕೆಲಸಕ್ಕೆ ಕೈ ಹಾಕುವುದೇ ಇಲ್ಲ.

ಕನ್ನಡ ಏನಾಗುತ್ತದೆ ಅನ್ನೋದು ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಸಿಕ್ಕ ಮೇಲೇ ನಾನು ಬದಲಾದದ್ದು. ಮಿಂಟ್‌ನಲ್ಲಿ ಐಬಸ್ ಮತ್ತು ಎಂ17ಎನ್ ಅನ್ನುವ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ಕನ್ನಡಕ್ಕೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್, ಟೈಪ್‌ರೈಟರ್ ಎಲ್ಲಾ ಕೀಲಿಮಣೆ ವಿನ್ಯಾಸ ಸಿಗುತ್ತವೆ. ಕೆಜಿಪಿ ಅಂದರೆ ನಾವು ನುಡಿಯಲ್ಲಿ ಬಳಸುವುದೇ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಬಂದದ್ದು. ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಾಗಿಲ್ಲ. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಅಲ್ಲೇ ಸಿಗುತ್ತವೆ. ಮೆನುಗಳ ಕನ್ನಡ ಅನುವಾದ ಇನ್ನೂ ಪೂರ್ತಿ ಆಗಿಲ್ಲ, ಅದೊಂದು ಬೇಸರ. ಕನ್ನಡ ಬಲ್ಲ ಹುಡುಗರು ಕೈ ಹಚ್ಚಿದರೆ ಆಗುವ ಕೆಲಸ ಅದು.

ತೊಂದರೆ ಇರುವುದು ಹಳೆ ಫೈಲ್‌ಗಳಲ್ಲಿ. ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಡೀ ಪುಟ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತದೆ. ಫೈಲ್ ಕೆಟ್ಟಿತು ಅಂತ ಅಳಿಸಿಬಿಡಬೇಡಿ. ಯುನಿಕೋಡ್‌ಗೆ, ಅಂದರೆ ಯಾವ ಕಂಪ್ಯೂಟರ್ ಆದರೂ ಕನ್ನಡವೆಂದೇ ಓದುವ ಅಕ್ಷರ ಸಂಕೇತಕ್ಕೆ, ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆ ಫಾಂಟ್‌ನಲ್ಲಿ "ಸೂರ್ಯ" ಬರೆದಾಗ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಕೊನೆಗೆ ಇರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವುದು ಇಂಥಲ್ಲೇ. ಇನ್ನೊಂದು, ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿಯನ್ನು ಒತ್ತಿರುವವರು ತುಂಬಾ ಜನ. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಪದ ಸಿಗಲ್ಲ. ಮಾಸ್ತರರ ಹಳ್ಳಿಯ ಇತಿಹಾಸದಲ್ಲಿ "ಅಂಕಲಗಿ" ಹುಡುಕಿದರೆ ಒಂದೂ ಬರಲಿಲ್ಲ. ಸೊನ್ನೆಗಳನ್ನು ಅನುಸ್ವಾರ ಮಾಡಿದ ಮೇಲೆ ಪುಟಪುಟದಲ್ಲೂ ಸಿಕ್ಕಿತು. ಅವರ ಮುಖ ನೋಡಬೇಕಿತ್ತು.

ಎಲ್ಲರೂ ಲಿನಕ್ಸ್ ಹಾಕಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ವಿಂಡೋಸೇ ಸರಿ. ನಮ್ಮ ಕಡೆ ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ಪೇಜ್‌ಮೇಕರ್ ಅನ್ನುವ, ವಿಂಡೋಸ್‌ನಲ್ಲಿ ಪುಟ ಜೋಡಿಸುವ ಹಳೆ ತಂತ್ರಾಂಶ ನಡೆಯುತ್ತಿದೆ. ಅದರ ಕೊನೆಯ 7ನೇ ಆವೃತ್ತಿ ಬಂದದ್ದು 2001ರಲ್ಲಿ. ಅವರಿಗೆ ಕೆಲಸ ಕೊಡಲು ನಾನೂ ಹಳೆ ವಿಂಡೋಸ್ ಡಿಸ್ಕನ್ನು ಇಟ್ಟುಕೊಂಡಿದ್ದೇನೆ. ಆದರೆ ಅದಕ್ಕೆ ಇಂಟರ್‌ನೆಟ್ ಕೊಡುವುದಿಲ್ಲ. ಬ್ಯಾಂಕ್, ಮೇಲ್ ಎಲ್ಲಾ ಮಿಂಟ್‌ನಲ್ಲೇ.

ಮಾಡಲೇಬಾರದ್ದು ಒಂದಿದೆ. ಕಳ್ಳ ವಿಂಡೋಸ್ ಹಾಕಿಸಿಕೊಳ್ಳುವುದು. ಕಡಿಮೆ ದುಡ್ಡಿಗೆ ವಿಂಡೋಸ್ ಹಾಕಿಕೊಡುತ್ತೇವೆ ಅನ್ನುವವರು ಆ್ಯಕ್ಟಿವೇಟರ್ ಅನ್ನುವ ತಂತ್ರಾಂಶ ಓಡಿಸುತ್ತಾರೆ, ಅದಕ್ಕೂ ಮುಂಚೆ ಆ್ಯಂಟಿವೈರಸ್ ಆಫ್ ಮಾಡುತ್ತಾರೆ. ಯಾರು ಮಾಡಿದ್ದೋ ಗೊತ್ತಿಲ್ಲದ ಒಂದು ಪ್ರೋಗ್ರಾಂ ಕೈಗೆ ಕಂಪ್ಯೂಟರ್‌ನ ಪೂರ್ತಿ ಅಧಿಕಾರ ಕೊಟ್ಟ ಹಾಗೆ. ಅದೇ ಯಂತ್ರದಲ್ಲಿ ನೀವು ಬ್ಯಾಂಕ್ ಪಾಸ್‌ವರ್ಡ್ ಒತ್ತುತ್ತೀರಿ, ಅಲ್ವಾ? ಅನರ್ಹ ಯಂತ್ರಕ್ಕೆ ಅಡ್ಡದಾರಿಯಲ್ಲಿ 11 ಹಾಕಿಸುವುದನ್ನೂ ನಾನು ಒಪ್ಪಲ್ಲ. ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಭರವಸೆ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗೇ ಹೇಳಿದೆ.

ಈಗ ನನ್ನ ಕೋರಿಕೆಗಳು. ಅಂಗಡಿಯವರೇ, ಫಾರ್ಮ್ಯಾಟ್ ಮಾಡುವ ಮುಂಚೆ ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ಯಾವ ಫೋಲ್ಡರ್ ಉಳಿಸಬೇಕು ಅಂತ ಕೇಳಿ. ಬಿಲ್ಲಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಹಾಕಿದಿರಿ, ಅಸಲಿ ಲೈಸೆನ್ಸ್ ಇದೆಯೋ ಇಲ್ಲವೋ ಬರೆದುಕೊಡಿ. ಹೊಸದನ್ನು ಮಾರುವ ಮುಂಚೆ ಹಳೆಯದಕ್ಕೆ ಎಸ್‌ಎಸ್‌ಡಿ ಹಾಕಿದರೆ ಸಾಕಾಗುತ್ತದೆಯೇ ಅಂತ ಒಮ್ಮೆ ನೋಡಿ. ಆ ಕೆಲಸಕ್ಕೂ ಕೂಲಿ ಇದೆ, ಗಿರಾಕಿಯೂ ಉಳಿಯುತ್ತಾನೆ.

ಹುಬ್ಬಳ್ಳಿ-ಧಾರವಾಡದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಒಂದು ಭಾನುವಾರ ವಿದ್ಯಾರ್ಥಿಗಳು ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು, ಜನ ತಂದ ಕಂಪ್ಯೂಟರ್‌ಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಡುವ ಶಿಬಿರ ಮಾಡಲಿ. ಕೇರಳದಲ್ಲಿ ಶಾಲೆಗಳ ಕಂಪ್ಯೂಟರ್‌ಗಳೇ ಲಿನಕ್ಸ್ ಮೇಲೆ ನಡೆಯುತ್ತವೆ. ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಶಾಲೆಗಳಿಗಾಗಿಯೇ ಅದನ್ನು ಸಿದ್ಧಮಾಡಿ ಕೊಡುತ್ತದೆ. ಪಕ್ಕದ ರಾಜ್ಯದ ಮಕ್ಕಳಿಗೆ ಆಗಿದ್ದು ನಮ್ಮ ಮಕ್ಕಳಿಗೆ ಯಾಕೆ ಆಗಬಾರದು? ಒಂದೇ ಪೆನ್‌ಡ್ರೈವ್‌ನಲ್ಲಿ ಕನ್ನಡ ಕೀಲಿಮಣೆ, ಫಾಂಟ್, ಪರಿವರ್ತಕ ಎಲ್ಲಾ ಮೊದಲೇ ಹಾಕಿಟ್ಟ ಆಪರೇಟಿಂಗ್ ಸಿಸ್ಟಂ ನಮ್ಮ ಶಾಲೆಗಳಿಗೂ ಗ್ರಂಥಾಲಯಗಳಿಗೂ ಸಿಗಬೇಕು.

ನಿಮ್ಮ ಪತ್ರಿಕೆಗೂ ಒಂದು ಮನವಿ ಇದೆ. ತಂತ್ರಜ್ಞಾನದ ಪುಟದಲ್ಲಿ ಹೊಸ ಮೊಬೈಲ್‌ಗಳ ಪರಿಚಯ ಬರುತ್ತದೆ, ಬರಲಿ. ನಾಲ್ಕು ವಾರ ಅದೇ ಜಾಗದಲ್ಲಿ ಹಳೆ ಕಂಪ್ಯೂಟರ್ ಉಳಿಸಿಕೊಳ್ಳುವುದು ಹೇಗೆ ಅಂತ ಚಿತ್ರ ಸಮೇತ ಕನ್ನಡದಲ್ಲಿ ಹಾಕಿ. ಪ್ರೊಸೆಸರ್ ನೋಡುವುದು ಒಂದು ವಾರ, ಬ್ಯಾಕಪ್ ಒಂದು ವಾರ, ಪೆನ್‌ಡ್ರೈವ್ ತಯಾರಿ ಒಂದು ವಾರ, ಕನ್ನಡ ಹೊಂದಿಸುವುದು ಒಂದು ವಾರ. ಬರೆದುಕೊಡಿ ಅಂದರೆ ಬರೆದುಕೊಡುತ್ತೇನೆ, ಸಂಭಾವನೆ ಬೇಡ. ಅಕ್ಟೋಬರ್ 13ರ ಗಡುವಿಗೆ ಮುಂಚೆ ಬಂದರೆ ಸಾಕು.

ಇತಿ ನಿಮ್ಮ ಓದುಗರಲ್ಲೊಬ್ಬಳು,
ಕನ್ನಡ ಬೆರಳಚ್ಚುಗಾರ್ತಿ, ಧಾರವಾಡ